ಸೋಲರಿಯದ ಹೆಪ್ಪು

ಮೋರಿ ಮಾತಾಡುತ್ತದೆ ಎಂದಾಗ ಹುಬ್ಬಳ್ಳಿಯ ಜನ ಮೊದಲು ನಕ್ಕಿದ್ದರು. ಊರಿನ ಎಂಟುನೂರು ಮ್ಯಾನ್‌ಹೋಲ್‌ಗಳ ಒಳಗೆ ಕೈಯಗಲದ ಪೆಟ್ಟಿಗೆಗಳನ್ನು ಇಳಿಬಿಟ್ಟು, ಹರಿಯುವ ಹೊಲಸಿನಲ್ಲಿ ಯಾವ ರೋಗಾಣು ಇದೆ, ಅದರ ಬಳಿ ಯಾವ ಜೀನ್ ಇದೆ ಎಂದು ಗಂಟೆಗೊಮ್ಮೆ ಓದುವ ಏರ್ಪಾಡು ಬಂದು ಮೂರು ವರ್ಷವಾಗಿತ್ತು. “ಸರಕಾರ ಈಗ ಸಂಡಾಸಿನ್ಯಾಗೂ ಇಣಕಾಕತ್ತೈತಿ” ಎಂದು ಕಟ್ಟೆಯ ಮೇಲೆ ಕೂತವರು ಚೇಷ್ಟೆ ಮಾಡಿದ್ದರು. ಆಮೇಲೆ ಒಂದು ಬೇಸಿಗೆ, ಕಾಲರಾ ಮನೆ ಹೊಗುವ ಮೊದಲೇ ಪೆಟ್ಟಿಗೆಗಳು ಕೂಗಿಕೊಂಡು ಎರಡು ವಾರ್ಡುಗಳನ್ನು ಉಳಿಸಿದವು. ಚೇಷ್ಟೆ ಅಲ್ಲಿಗೆ ನಿಂತಿತು.

ಆ ಪೆಟ್ಟಿಗೆಗಳ ಮಾತು ಕೇಳುವುದೇ ಮಹಾನಂದಾಳ ನೌಕರಿ. ಮೋರಿ ಕಾವಲು ಕೇಂದ್ರದ ಗೋಡೆಯಗಲದ ನಕ್ಷೆಯ ಮುಂದೆ ದಿನಕ್ಕೆ ಎಂಟು ಗಂಟೆ ಕೂರುವವಳು ಅವಳು. ಆ ಮಂಗಳವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನಕ್ಷೆಯಲ್ಲಿ ಒಂದು ಚುಕ್ಕೆ ಕೆಂಪಾಯಿತು. ನಾನೂರ ಹನ್ನೆರಡನೇ ಪೆಟ್ಟಿಗೆ. ನಂಬರು ನೋಡಿದವಳೇ ಕುರ್ಚಿಯಿಂದ ಅರ್ಧ ಎದ್ದಳು. ರೈಲ್ವೆ ಕ್ವಾರ್ಟರ್ಸಿನ ಮೂರನೇ ಸಾಲು ಅದು. ಅವಳ ಮನೆಯ ಬಚ್ಚಲ ನೀರು ಹೋಗಿ ಬೀಳುವುದು ಅದೇ ಮೋರಿಗೆ.

“ಹೊಸಾ ಪ್ರಾಣಿ” ಎಂದರು ಕೇಂದ್ರದ ಮುಖ್ಯಸ್ಥ ಡಾ. ಇನಾಮದಾರ, ಕನ್ನಡಕ ಹಣೆಗೇರಿಸಿ. “ಯಾವ ಪಟ್ಟಿಯೊಳಗೂ ಇದರ ಹೆಸರಿಲ್ಲ ನೋಡ್ರಿ. ಹಾಲು ಹುಳಿ ಮಾಡೋ ಜಾತಿಯ ಸಂಬಂಧಿಕ. ತಾನಾಗಿ ಯಾರಿಗೂ ರೋಗ ತರೂದಿಲ್ಲ, ಪಾಪದ್ದು. ಆದ್ರ ಇದರ ಹೊಟ್ಟ್ಯಾಗ ಏನೈತಿ ನೋಡ್ರಿ.”

ಹೊಟ್ಟೆಯಲ್ಲಿದ್ದದ್ದು ಒಂದು ಉಂಗುರ. ಡಿಎನ್‌ಎಯ ಸಣ್ಣ ಬಳೆ. ಅದರಲ್ಲಿ ಹನ್ನೊಂದು ಜೀನ್. ಐದರ ಕೆಲಸ ಕೇಂದ್ರಕ್ಕೆ ಗೊತ್ತಿತ್ತು: ಒಂದೊಂದೂ ಒಂದೊಂದು ಬಗೆಯ ಆ್ಯಂಟಿಬಯೋಟಿಕ್ಕನ್ನು ಮುರಿದು ಹಾಕುವಂಥದು. ಉಳಿದ ಆರರ ಕೆಲಸ ಜಗತ್ತಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬ್ಯಾಕ್ಟೀರಿಯಾ ತನ್ನ ಸಂತಾನಕ್ಕಷ್ಟೇ ಆಸ್ತಿ ಬಿಟ್ಟು ಹೋಗುವ ಜೀವಿಯಲ್ಲ. ಪಕ್ಕದಲ್ಲಿ ತೇಲುವ ಪರಜಾತಿಯದಕ್ಕೂ ಇಂಥ ಉಂಗುರದ ಒಂದು ಪ್ರತಿ ಕೊಡುತ್ತದೆ, ತನ್ನದನ್ನು ತಾನೂ ಇಟ್ಟುಕೊಳ್ಳುತ್ತದೆ. ನಮ್ಮ ಹೆಂಗಸರು ಹೆಪ್ಪು ಕೊಟ್ಟ ಹಾಗೆ. ಪಾಪದ ಪ್ರಾಣಿ ಮನುಷ್ಯನ ಕರುಳಿಗೆ ಇಳಿದು, ಅಲ್ಲಿರುವ ಕೆಟ್ಟದ್ದೊಂದಕ್ಕೆ ಉಂಗುರ ತೊಡಿಸಿತೋ, ಮುಂದೆ ಆ ಮನುಷ್ಯನಿಗೆ ಗಾಯವಾಗಿ ಕೀವಾದರೆ ಯಾವ ಔಷಧಿಯೂ ನಾಟುವುದಿಲ್ಲ.

“ಹಾಲು ಹುಳಿ ಮಾಡೋ ಜಾತಿ” ಎಂಬ ಮಾತು ಮಹಾನಂದಾಳ ತಲೆಯಲ್ಲೇ ಕೂತಿತು. ಮಧ್ಯಾಹ್ನ ಡಬ್ಬಿ ಬಿಚ್ಚಿದಳು. ರೊಟ್ಟಿ, ಪುಂಡಿಪಲ್ಯ, ಸಣ್ಣ ಕರಡಿಗೆಯಲ್ಲಿ ಗಟ್ಟಿ ಮೊಸರು. ಮೊಸರನ್ನು ಮುಟ್ಟದೆ ಮುಚ್ಚಿಟ್ಟಳು.

ಸಂಜೆ ಐದಕ್ಕೆ ಮನೆ ತಲುಪಿದಾಗ ಬಾಗಿಲಲ್ಲಿ ನಿತ್ಯದ ಜಾತ್ರೆ. ಆರೇಳು ಹೆಂಗಸರು ವಾಟಗ, ಬಟ್ಟಲು ಹಿಡಿದು ನಿಂತಿದ್ದರು. ದೀಪ ಹಚ್ಚಿದ ಮೇಲೆ ಮನೆಯಿಂದ ಹೆಪ್ಪು ಹೊರಗೆ ಹೋಗಬಾರದು ಎಂಬುದು ಶಿವಲಿಂಗವ್ವನ ನೇಮ, ಆದ್ದರಿಂದ ಎಲ್ಲರಿಗೂ ಇದೇ ಹೊತ್ತು. ಶಿವಲಿಂಗವ್ವ ಮಹಾನಂದಾಳ ಅತ್ತೆ. ಹಣೆ ತುಂಬ ವಿಭೂತಿ, ಮೊಳಕೈವರೆಗೆ ಹಸಿರು ಬಳೆ. ಗಡಿಗೆಯ ಮುಂದೆ ಕೂತು ಒಬ್ಬೊಬ್ಬರಿಗೆ ಒಂದೊಂದು ಚಮಚ ಹಾಕುತ್ತಿದ್ದಳು.

ಇದೆಲ್ಲ ಹತ್ತು ತಿಂಗಳಿಂದೀಚೆಗಿನ ವೈಭವ. ಊರಲ್ಲಿ ಯಾರ ಮನೆಯಲ್ಲೂ ಮೊಸರು ಸರಿಯಾಗಿ ಆಗುತ್ತಿರಲಿಲ್ಲ. ಹಾಲು ಕಾಸಿ, ಆರಿಸಿ, ಹೆಪ್ಪು ಹಾಕಿ ಮುಚ್ಚಿಟ್ಟರೆ ಬೆಳಿಗ್ಗೆ ನೀರು ನೀರು, ಮೇಲೊಂದು ಕಹಿ ವಾಸನೆ. ಪ್ಯಾಕೆಟ್ಟು ಬದಲಿಸಿದರು, ಗೌಳಿಯನ್ನು ಬದಲಿಸಿದರು, ಗಡಿಗೆಗೆ ದೃಷ್ಟಿ ತೆಗೆದರು. ಆಗದು ಎಂದರೆ ಆಗದು. ಶಿವಲಿಂಗವ್ವನ ಹೆಪ್ಪು ಮಾತ್ರ ಯಾವ ಹಾಲಿಗೆ ಹಾಕಿದರೂ ಕಲ್ಲಿನ ಹಾಗೆ ಕೂಡುತ್ತಿತ್ತು.

“ನಿಮ್ಮ ಕೈಗುಣಾರಿ ಎವ್ವಾ” ಎಂದಳು ಎದುರು ಮನೆಯ ಟಿಕೆಟ್ ಕಲೆಕ್ಟರನ ಹೆಂಡತಿ.

“ನನ್ನ ಕೈದೇನೈತಿ” ಎಂದು ಶಿವಲಿಂಗವ್ವ ಗಡಿಗೆಯನ್ನು ಸವರಿದಳು. “ನಮ್ಮವ್ವ ಲಗ್ನದಾಗ ಉಡಿ ತುಂಬಿ ಕಳಿಸಿದ್ದು. ನಲವತ್ತೊಂದು ವರ್ಷ ಆತು, ಒಮ್ಮಿನೂ ಸೋತಿಲ್ಲ.”

ಮಹಾನಂದಾ ಚಪ್ಪಲಿ ಬಿಡುವುದನ್ನು ಮರೆತು ಹೊಸ್ತಿಲಲ್ಲೇ ನಿಂತಳು. ಒಳಗೆ ನಾದಿನಿ ಶೈಲಾ ಕಾಲು ಚಾಚಿ ಕೂತು ರೊಟ್ಟಿ ಮೊಸರು ತಿನ್ನುತ್ತಿದ್ದಳು. ಮಿರಜದ ಗಂಡನ ಮನೆಯಿಂದ ಹೆರಿಗೆಗೆ ಬಂದು ಎರಡು ತಿಂಗಳಾಗಿತ್ತು. ಮೊದಲ ಮಗುವನ್ನು ಹೊಟ್ಟೆ ಕೊಯ್ದು ತೆಗೆದಿದ್ದರು, ಈ ಸಲವೂ ಕೊಯ್ಯಲೇಬೇಕೆಂದು ಡಾಕ್ಟರು ಹನ್ನೊಂದು ದಿನದಾಚೆಗೆ ದಿನ ಗೊತ್ತು ಮಾಡಿದ್ದರು.

“ವೈನಿ, ಹಂಗ್ಯಾಕ ನಿಂತ್ರಿ? ಬರ್ರಿ” ಎಂದಳು ಶೈಲಾ, ಬೆರಳು ನೆಕ್ಕುತ್ತ. ಮಹಾನಂದಾಳಿಗೆ ಆ ಬೆರಳನ್ನು ಹಿಡಿದು ನಿಲ್ಲಿಸಬೇಕೆನಿಸಿತು. ನಿಲ್ಲಿಸಲಿಲ್ಲ. ಎಲ್ಲರೂ ಹೋದ ಮೇಲೆ ಗಡಿಗೆಯಿಂದ ಒಂದು ಚಮಚ ಮೊಸರನ್ನು ಸೀಸೆಗೆ ತುಂಬಿಕೊಂಡಳು. ನೆಪ ಹೇಳಿ ಶೈಲಾಳ ಮಲದ ಮಾದರಿಯನ್ನೂ ತೆಗೆದಿಟ್ಟುಕೊಂಡಳು.

ಅವಳ ಕಳವಳಕ್ಕೆ ಇನ್ನೊಂದು ಕಾರಣವಿತ್ತು, ಅದು ಅವಳೊಬ್ಬಳಿಗೇ ಗೊತ್ತು. ನಲವತ್ತೊಂದು ವರ್ಷದ ಹೆಪ್ಪು ಸತ್ತು ಹತ್ತು ತಿಂಗಳಾಗಿತ್ತು.

ಕಳೆದ ಶ್ರಾವಣದಲ್ಲಿ ಅತ್ತೆ ಎಂಟು ದಿನ ಶ್ರೀಶೈಲಕ್ಕೆ ಹೋಗಿದ್ದಳು. ಹೋಗುವಾಗ ಮೂರು ಸಲ ಹೇಳಿದ್ದಳು: “ದಿನಾ ಹೆಪ್ಪು ಹಾಕು, ಮರೀಬ್ಯಾಡ.” ಮಹಾನಂದಾ ಮರೆಯಲಿಲ್ಲ. ಆದರೂ ಮೂರನೇ ದಿನ ಹಾಲು ಕೂಡಲಿಲ್ಲ. ನಾಲ್ಕನೇ ದಿನವೂ ಇಲ್ಲ. ಐದನೇ ದಿನ ಗಡಿಗೆಯಿಂದ ನಾತ ಬಂತು. ಸೂಕ್ಷ್ಮಜೀವಿಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದವಳು ಅತ್ತೆಯ ತವರಿನ ಸೂಕ್ಷ್ಮಜೀವಿಯನ್ನು ಐದು ದಿನ ಸಾಕಲಾರದೆ ಹೋದಳು. ನಾಚಿಕೆಯೋ ಹೆದರಿಕೆಯೋ, ಎರಡೂ ಇತ್ತು. ಸ್ಟೇಷನ್ನಿನ ಗೇಟಿನ ಹತ್ತಿರ ಗಡಿಗೆ ಮೊಸರು ಮಾರುವ ದ್ಯಾಮವ್ವನ ಬಳಿ ಒಂದು ಕುಡಿಕೆ ತಂದು, ಅದನ್ನೇ ಹೆಪ್ಪು ಹಾಕಿದಳು. ಕಲ್ಲಿನ ಹಾಗೆ ಕೂಡಿತು. ಅತ್ತೆ ಬಂದು ತಿಂದು, “ಯಾತ್ರಿಂದ ಬಂದಮ್ಯಾಲ ಎಲ್ಲಾ ರುಚಿ ಅನ್ನಸ್ತೈತಿ” ಎಂದಳು. ಮಹಾನಂದಾ ಬದುಕಿದೆಯಾ ಬಡಜೀವವೇ ಎಂದುಕೊಂಡು ಸುಮ್ಮನಾದಳು.

ಊರಿನ ಹೆಪ್ಪೆಲ್ಲ ಸೋತದ್ದೇಕೆ, ದ್ಯಾಮವ್ವನದು ಗೆದ್ದದ್ದೇಕೆ ಎಂದು ಆಗ ಕೇಳಿಕೊಳ್ಳಬೇಕಿತ್ತು. ಕೇಳಿಕೊಂಡಿದ್ದರೆ ಉತ್ತರ ಅವಳ ಪಠ್ಯಪುಸ್ತಕದಲ್ಲೇ ಇತ್ತು. ಕೆಚ್ಚಲು ಬಾವಿಗೆಂದು ಎಮ್ಮೆಗೆ ಚುಚ್ಚಿದ ಆ್ಯಂಟಿಬಯೋಟಿಕ್ ಹಾಲಿನಲ್ಲಿ ಇಳಿಯುತ್ತದೆ. ಅಂಥ ಹಾಲಿನಲ್ಲಿ ಹೆಪ್ಪಿನ ಒಳ್ಳೆಯ ಜೀವಿಗಳು ಸಾಯುತ್ತವೆ. ಸಾಯದೆ ಉಳಿಯುವುದು ಔಷಧಿಯನ್ನೇ ಅರಗಿಸಿಕೊಳ್ಳುವಂಥದು. ಅಂದರೆ ಯಾವ ಹೆಪ್ಪು ಸೋಲುವುದಿಲ್ಲವೋ ಅದನ್ನೇ ಅನುಮಾನಿಸಬೇಕು. ಊರು ಅದನ್ನು ಕೈಗುಣ ಎಂದು ಕೈಮುಗಿದು ಮನೆಗೆ ಒಯ್ದಿತ್ತು.

ಬುಧವಾರ ಫಲಿತಾಂಶ ಬಂತು. ಮೊಸರಿನಲ್ಲಿ ಹೊಸ ಜೀವಿ ಇತ್ತು. ಶೈಲಾಳ ಕರುಳಿನಲ್ಲಿ ಉಂಗುರ ಆಗಲೇ ಬೇರೆ ಮೂರು ಜಾತಿಗೆ ದಾಟಿತ್ತು. ಕ್ವಾರ್ಟರ್ಸಿನ ಸುತ್ತ ಇನ್ನೂ ಹದಿನಾಲ್ಕು ಚುಕ್ಕೆ ಕೆಂಪಾದವು.

“ಯಾವ ಔಷಧಿ ನಡೀತೈತಿ ಅಂತ ಗಾಜಿನ ತಟ್ಟಿಯೊಳಗ ಬೆಳೆಸಿ ನೋಡೋಣಲ್ರಿ ಸರ್?” ಎಂದಳು ಮಹಾನಂದಾ.

“ನೋಡಿದೆ. ಗಾಜಿನ ತಟ್ಟಿಯೊಳಗ ಎಲ್ಲಾ ಔಷಧಿಗೂ ಸಾಯ್ತೈತಿ.” ಇನಾಮದಾರ ನಗಲಿಲ್ಲ. “ಸುಳ್ಳು ಅದು. ತಟ್ಟಿಯೊಳಗ ಆ ಜೀನ್ ಮಲಗಿರತಾವ, ಹಾಲಿನ್ಯಾಗ ಕೆಲವಷ್ಟ ಏಳತಾವ, ಮೈಯೊಳಗ ಹೋದಮ್ಯಾಲ ಎಲ್ಲಾ ಏಳತಾವ. ಇಲಿಯೊಳಗ ಒಂದೊಂದೇ ಔಷಧಿ ನೋಡ್ಕೋತ ಹೋದರ ಎರಡು ತಿಂಗಳು ಬೇಕು. ಒಂದs ದಾರಿ. ಇದು ಹುಟ್ಟಿದ ಜಾಗ ಸಿಗಬೇಕು. ಅಲ್ಲಿ ಯಾವ್ಯಾವ ಔಷಧಿ ಸುರುವ್ಯಾರ ಗೊತ್ತಾದರ, ಯಾವುದರ ಮುಖಾನೇ ಇದು ನೋಡಿಲ್ಲ ಅಂತನೂ ಗೊತ್ತಾಗ್ತೈತಿ. ನಿಮ್ಮತ್ತಿಯವರ ಹೆಪ್ಪು ಎಲ್ಲಿಂದು?”

ಬಾಯಿ ತೆರೆದಳು. “ನರಗುಂದದ ಹತ್ರ ಅವರ ತವರುಮನಿ” ಎಂಬ ಮಾತು ತಾನಾಗಿ ಬಂತು. ಅದು ಸುಳ್ಳಲ್ಲ, ಆದರೆ ಕೇಳಿದ್ದಕ್ಕೆ ಉತ್ತರವೂ ಅಲ್ಲ. ಗುರುವಾರ ಕೇಂದ್ರದ ಜೀಪು ನರಗುಂದದ ಕಡೆ ಹೋಯಿತು. ಅತ್ತೆಯ ಅಣ್ಣನ ದನದ ಕೊಟ್ಟಿಗೆ ಜಾಲಾಡಿ, ಸಗಣಿ ತುಂಬಿಕೊಂಡು, ಗೋಡೆ ಕೆರೆದುಕೊಂಡು ಬಂತು. ಶುಕ್ರವಾರ ಮಧ್ಯಾಹ್ನ ವರದಿ: ಅಲ್ಲಿ ಏನೂ ಇಲ್ಲ. ಮಹಾನಂದಾ ಆ ಎರಡು ದಿನ ಉಂಡದ್ದು ಮೈಗೆ ಹತ್ತಲಿಲ್ಲ. ಶೈಲಾಳಿಗೆ ಇನ್ನು ಎಂಟೇ ದಿನ. ತನ್ನ ಮಾನ ಉಳಿಸಿಕೊಳ್ಳಲು ಅವಳ ಎರಡು ದಿನ ತಿಂದುಹಾಕಿದೆನಲ್ಲ, ಅತ್ತೆ ಹೆಪ್ಪು ಹಂಚುವುದನ್ನೂ ತಡೆಯಲಿಲ್ಲವಲ್ಲ ಎಂದು ತನ್ನ ಮೇಲೇ ಹೇಸಿಕೆ ಬಂತು.

ಸಂಜೆ ಮನೆಗೆ ಬಂದಾಗ ಶಿವಲಿಂಗವ್ವ ಗಡಿಗೆಯ ಮುಂದೆ ಕೂತಿದ್ದಳು. ಹೆಂಗಸರು ನಿಂತಿದ್ದರು. ಅಣ್ಣನ ಮನೆಗೆ ಜೀಪು ಹೋಗಿ ಬಂದ ಸುದ್ದಿ ಫೋನಿನಲ್ಲಿ ಆಗಲೇ ಮುಟ್ಟಿತ್ತು. ಅತ್ತೆಯ ಮುಖ ಬಿಗಿದಿತ್ತು.

“ನಮ್ಮಣ್ಣನ ಕೊಟ್ಟಿಗಿ ಯಾಕ ಕೆದರಿಸಿದಿ? ನಮ್ಮ ತವರಿನ ಮೊಸರಿನ್ಯಾಗ ಏನ್ ದೋಷ ಕಂಡಿ ನೀ?”

ಮಹಾನಂದಾ ಗಡಿಗೆಯ ಬಾಯಿಯ ಮೇಲೆ ಅಂಗೈ ಇಟ್ಟಳು. ಚಮಚ ಅವಳ ಬೆರಳಿಗೆ ತಾಗಿ ನಿಂತಿತು.

“ಇದು ನಿಮ್ಮ ತವರಿನದಲ್ರಿ ಅತ್ತಿ.”

ಎಲ್ಲ ಹೇಳಿದಳು. ಶ್ರಾವಣ, ನಾತ, ದ್ಯಾಮವ್ವನ ಕುಡಿಕೆ. ಉಂಗುರದ ಸಂಗತಿ, ಸೋಲದ ಹೆಪ್ಪನ್ನೇ ಅನುಮಾನಿಸಬೇಕೆಂಬುದನ್ನು ಹೇಳಿದಳು, ಶೈಲಾಳ ಕರುಳಿನ ಸಂಗತಿಯನ್ನೂ ಹೇಳಿದಳು. ನಡುವೆ ನಿಲ್ಲಿಸಲಿಲ್ಲ. ಒಳಗಿನ ಕೋಣೆಯಲ್ಲಿ ಶೈಲಾ ಎದ್ದು ಕೂತದ್ದು, ಎರಡೂ ಕೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡದ್ದು ಬಾಗಿಲಿನಿಂದ ಕಾಣುತ್ತಿತ್ತು.

ಶಿವಲಿಂಗವ್ವ ಚಮಚವನ್ನು ನೆಲಕ್ಕಿಟ್ಟಳು.

“ಸತ್ತರ ಸತ್ತಿತ್ತು” ಎಂದಳು. “ನಮ್ಮವ್ವನೂ ಸತ್ತಾಳ. ಆದ್ರ ಹತ್ತು ತಿಂಗಳು ಊರೆಲ್ಲಾ ಬಂದು ನನ್ನ ಕೈಗುಣ ಅಂತ ಹೊಗಳಿತು. ನಾ ಹಿಗ್ಗಿ ಹೀರೆಕಾಯಿ ಆದೆ. ನೀ ಬಾಜೂಕs ನಿಂತು ನೋಡಿದೆಲ್ಲ ನಂದಾ. ಒಮ್ಮಿನೂ ಹೇಳಬೇಕು ಅನ್ನಸ್ಲಿಲ್ಲಾ?”

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಮಹಾನಂದಾ ಅತ್ತುಬಿಟ್ಟಳು. ಯಾರೂ ಸಮಾಧಾನ ಮಾಡಲಿಲ್ಲ.

ಆಮೇಲೆ ದಿನಗಳು ಓಡಿದವು. ಶನಿವಾರ ಬೆಳಿಗ್ಗೆಯೇ ಇನಾಮದಾರರನ್ನು ಕರೆದುಕೊಂಡು ಸ್ಟೇಷನ್ ಗೇಟಿಗೆ ಹೋದಳು. ದ್ಯಾಮವ್ವ ಪಾಪ, ಹಾಲು ಕೊಂಡು ಮೊಸರು ಮಾಡಿ ಮಾರುವವಳು. ಎಲ್ಲರ ಹೆಪ್ಪು ಸೋತಾಗ ತನಗೆ ಹಾಲು ಹಾಕುವ ಎಮ್ಮೆ ಶೆಡ್ಡಿನವರೇ ತಮ್ಮ ಮೊಸರು ಕೊಟ್ಟರೆಂದಳು. ರಿಂಗ್ ರೋಡಿನಾಚೆ ತಗಡಿನ ಶೆಡ್ಡು, ಅರವತ್ತು ಎಮ್ಮೆ. ಹಿತ್ತಲಿನ ಜಾಲಿಯ ಬುಡದಲ್ಲಿ ಮೊಣಕಾಲೆತ್ತರ ಖಾಲಿ ಸೀಸೆಗಳ ರಾಶಿ. “ಒಂದು ಇಂಜೆಕ್ಷನ್ನಿಗೆ ಬಾವು ಇಳೀಲಿಲ್ಲಂದ್ರ ಇನ್ನೊಂದು ಮಾಡ್ತೇವ್ರಿ. ಎಲ್ಲಾರೂ ಮಾಡ್ತಾರ” ಎಂದ ಶೆಡ್ಡಿನವನು, ಮುಚ್ಚುಮರೆ ಇಲ್ಲದೆ. ತಪ್ಪು ಎಂಬ ಯೋಚನೆಯೇ ಅವನಿಗೆ ಬಂದಿರಲಿಲ್ಲ. ಮಹಾನಂದಾ ಸೀರೆಯ ಸೆರಗು ಸಿಕ್ಕಿಸಿ, ಕೈಗವಸು ತೊಟ್ಟು, ಬಿಸಿಲಲ್ಲಿ ಕುಕ್ಕುರುಗಾಲಲ್ಲಿ ಕೂತು ಒಂದೊಂದು ಸೀಸೆಯ ಚೀಟಿ ಓದಿದಳು. ಒಂಬತ್ತು ಬಗೆಯ ಔಷಧಿ. ಮನುಷ್ಯರ ಆಸ್ಪತ್ರೆಯಲ್ಲಿ ಕೊನೆಯ ಅಸ್ತ್ರವೆಂದು ಬೀಗ ಹಾಕಿಡುವುದೂ ಅದರಲ್ಲಿತ್ತು. ಇಲ್ಲದ್ದು ಒಂದೇ: ಅಜ್ಜಂದಿರ ಕಾಲದ ಹಳೆಯ ಔಷಧಿ, ಮೂತ್ರಪಿಂಡಕ್ಕೆ ತ್ರಾಸು ಕೊಡುತ್ತದೆಂದು ಎಲ್ಲರೂ ಬಿಟ್ಟದ್ದು. ಅದನ್ನು ಹುಡುಕಿ ತರಿಸಲು ಇನಾಮದಾರ ಎರಡು ದಿನ ಫೋನು ಕಿವಿಯಿಂದ ಇಳಿಸಲಿಲ್ಲ.

ಇತ್ತ ಕ್ವಾರ್ಟರ್ಸಿನಲ್ಲಿ ಯಾರೂ ಎಣಿಸದ ಕೆಲಸವೊಂದು ನಡೆದಿತ್ತು. ಕೊಟ್ಟ ಹೆಪ್ಪನ್ನು ವಾಪಸು ಕೇಳುವ ಪದ್ಧತಿ ಯಾವ ಸೀಮೆಯಲ್ಲೂ ಇಲ್ಲ. ಶಿವಲಿಂಗವ್ವ ಕೇಳಿದಳು. ಸೊಸೆಯ ಜೊತೆ ಮಾತು ಬಿಟ್ಟಿದ್ದರೂ ಸೊಸೆ ಹೇಳಿದ್ದನ್ನು ಒಂದಕ್ಷರ ಬಿಡದೆ, ಮೊದಲ ಸಾಲಿನಿಂದ ಹನ್ನೆರಡನೇ ಸಾಲಿನವರೆಗೆ ಬಾಗಿಲು ಬಾಗಿಲಿಗೆ ನಿಂತು ಹೇಳಿದಳು.

“ನನ್ನ ಕೈಯಾರೆ ಕೊಟ್ಟಿದ್ದು ಕೆಟ್ಟದ್ದೈತಿ. ಹಂಗs ಮೋರಿಗೆ ಚೆಲ್ಲಬ್ಯಾಡ್ರಿ, ಊರಿಗೆಲ್ಲಾ ಹರಡ್ತೈತಿ. ಗಳಗಳ ಕುದಿಸಿ ಚೆಲ್ರಿ. ಭಾಂಡೇನೂ ಕುದಿಸ್ರಿ.”

ಕೆಲವರು ಕನಿಕರಪಟ್ಟರು. ಕೆಲವರು ಬಾಗಿಲು ಹಾಕಿದ ಮೇಲೆ ನಕ್ಕರು. ಒಬ್ಬಾಕೆ ಕೊಡುವುದಿಲ್ಲವೆಂದೇ ಹಟ ಹಿಡಿದಳು. ಶಿವಲಿಂಗವ್ವ ಅವಳ ಕಟ್ಟೆಯ ಮೇಲೆ ಒಂದು ತಾಸು ಕೂತು, ಅವಳು ಎದುರಿಗೇ ಕುದಿಸಿದ ಮೇಲೆಯೇ ಎದ್ದಳು. ಅಂದು ಇಡೀ ಕ್ವಾರ್ಟರ್ಸಿನ ಮೇಲೆ ಒಡೆದ ಮೊಸರಿನ ಹುಳಿ ವಾಸನೆ ಕವಿದಿತ್ತು. ಡ್ಯೂಟಿ ಮುಗಿಸಿ ಬಂದ ಮಹಾನಂದಾಳ ಗಂಡ, ರೈಲಿನ ಲೋಕೋ ಪೈಲಟ್ ಬಸವಂತ, ಮೂಗು ಮುಚ್ಚಿಕೊಂಡು ಒಳಗೆ ಬಂದ. ಒಲೆಯ ಮುಂದೆ ಇಬ್ಬರೂ ಹೆಂಗಸರು ಬೆನ್ನಿಗೆ ಬೆನ್ನು ಮಾಡಿ ನಿಂತದ್ದು ನೋಡಿ ಹೊರಗೆ ಹೋಗಿ ಕೂತ.

ಗೊತ್ತು ಮಾಡಿದ ದಿನವೇ ಶೈಲಾಳ ಹೊಟ್ಟೆ ಕೊಯ್ದರು. ಹೆಣ್ಣುಮಗು. ಎರಡು ದಿನ ಎಲ್ಲ ಚೆನ್ನಾಗಿತ್ತು. ಮೂರನೆಯ ದಿನ ಹೊಲಿಗೆ ಕೆಂಪಾಗಿ ಊದಿತು, ಜ್ವರ ನೂರಮೂರಕ್ಕೆ ಏರಿತು. ವಾರ್ಡಿನ ಡಾಕ್ಟರು ರೂಢಿಯ ಔಷಧಿ ಬರೆಯಲು ಕೈ ಎತ್ತಿದವರು, ಇನಾಮದಾರರು ಕೊಟ್ಟ ಒಂಬತ್ತು ಔಷಧಿಗಳ ಪಟ್ಟಿ ನೋಡಿ ಕೈ ಇಳಿಸಿದರು. ಹಳೆಯ ಔಷಧಿಯ ಸೀಸೆ ತೂಗುಬಿದ್ದಿತು. ಮಹಾನಂದಾ ಮಂಚದ ಒಂದು ಕಡೆ, ಶಿವಲಿಂಗವ್ವ ಇನ್ನೊಂದು ಕಡೆ. ನಡುವೆ ಶೈಲಾ ತೊದಲುತ್ತಿದ್ದಳು. ಹನಿ ಇಳಿಯುವುದನ್ನು ಇಬ್ಬರೂ ನೋಡಿದರು, ಒಬ್ಬರನ್ನೊಬ್ಬರು ನೋಡಲಿಲ್ಲ. ಮೂತ್ರದ ಚೀಲದಲ್ಲಿ ಎಷ್ಟು ತುಂಬಿತು ಎಂದು ತಾಸಿಗೊಮ್ಮೆ ಬಗ್ಗಿ ನೋಡುವುದು ಮಹಾನಂದಾಳ ಪಾಲಿಗೆ ಬಂತು. ಅದು ಕಡಿಮೆಯಾದಾಗಲೆಲ್ಲ ಅವಳು ನರ್ಸನ್ನು ಕರೆಯಲು ಓಡುತ್ತಿದ್ದಳು. ಔಷಧಿ ಶುರುವಾದ ಎರಡನೇ ದಿನ ಮಧ್ಯಾಹ್ನ ಶೈಲಾಳ ಹಣೆ ಬೆವರಿತು. ಥರ್ಮಾಮೀಟರು ನೂರಕ್ಕೆ ಬಂತು, ಸಂಜೆಗೆ ಇನ್ನೂ ಕೆಳಗೆ ಇಳಿಯಿತು.

“ವೈನಿ, ಹಸಿವಿ ಆಗೈತಿ” ಎಂದಳು ಶೈಲಾ. “ಮೊಸರು ಮಾತ್ರ ಬ್ಯಾಡ್ರಿ.”

ಶಿವಲಿಂಗವ್ವ ನಕ್ಕಳು. ಆ ವಾರದಲ್ಲಿ ಅವಳು ನಕ್ಕದ್ದು ಅದೇ ಮೊದಲು.

ಗೆದ್ದೆವೆಂದು ಹೇಳುವ ಹಾಗಿರಲಿಲ್ಲ. ಕ್ವಾರ್ಟರ್ಸಿನ ಚುಕ್ಕೆಗಳು ಒಂದೊಂದಾಗಿ ಮಸುಕಾದ ವಾರವೇ ಗುಂತಕಲ್ಲಿನ ಮೋರಿ ಕೇಂದ್ರದ ನಕ್ಷೆಯಲ್ಲಿ ಹೊಸ ಚುಕ್ಕೆ ಹೊತ್ತಿತು. ಅಲ್ಲಿಗೆ ವರ್ಗವಾಗಿ ಹೋದ ಗಾರ್ಡನ ಹೆಂಡತಿ ಸಾಮಾನಿನ ಜೊತೆ ಒಂದು ಡಬ್ಬಿ ಹೆಪ್ಪು ಕಟ್ಟಿಕೊಂಡು ಹೋಗಿದ್ದಳು. ರೈಲು ಹೋದಲ್ಲೆಲ್ಲ ಕ್ವಾರ್ಟರ್ಸು, ಕ್ವಾರ್ಟರ್ಸು ಇದ್ದಲ್ಲೆಲ್ಲ ವಾಟಗ ಹಿಡಿದ ನೆರೆಹೊರೆ. ಮಹಾನಂದಾ ಈಗ ಬೆಳಿಗ್ಗೆ ಎದ್ದರೆ ಸೋಲಾಪುರ, ವಾಸ್ಕೊ, ಗದಗ ಎಂದು ಊರುಗಳನ್ನು ಮನಸ್ಸಿನಲ್ಲೇ ಮುಟ್ಟಿ ನೋಡುತ್ತಿದ್ದಳು.

ತೊಟ್ಟಿಲಿಗೆ ಹಾಕುವ ದಿನ ಮಿರಜದಿಂದ ಶೈಲಾಳ ಅತ್ತೆ ಬಂದರು. ಕುಂಚಿಗೆ, ಬೆಳ್ಳಿಯ ಉಡದಾರದ ಜೊತೆ ಮಡಿಸಿದ ಒಂದು ಬಿಳಿ ಅರಿವೆ ತೆಗೆದು ಶಿವಲಿಂಗವ್ವನ ಕೈಗಿಟ್ಟರು. ಮೊಸರಿನಲ್ಲಿ ಅದ್ದಿ ನೆರಳಿಗೆ ಒಣಗಿಸಿದ ಅರಿವೆ. ದೂರದ ಊರಿಗೆ ಹೆಪ್ಪು ಒಯ್ಯುವ ಹಳೆಯ ರೀತಿ.

“ಶೈಲಾನ ಲಗ್ನದಾಗ ನೀವs ಕೊಟ್ಟದ್ದು ಬೀಗತಿ. ನಮ್ಮ ಮನೀ ಎಮ್ಮಿ ಹಾಲಿನ್ಯಾಗ ಇನ್ನೂ ಜೀವಂತ ಐತಿ. ನಿಮ್ಮದು ಹೋತು ಅಂತ ಕೇಳಿದೆ.”

ಶಿವಲಿಂಗವ್ವ ಅರಿವೆಯನ್ನು ಮೂಗಿಗೆ ಹಿಡಿದಳು. ಕಣ್ಣು ತುಂಬಿ ಬಂತು. ಮಹಾನಂದಾ ಅದರ ಒಂದು ಎಳೆಯನ್ನು ಕೇಂದ್ರಕ್ಕೆ ಒಯ್ದು ಓದಿಸಿದಳು. ಉಂಗುರ ಇರಲಿಲ್ಲ.

ಬೀಗತಿ ಹೋದ ಮರುದಿನ ಸಂಜೆ ಶಿವಲಿಂಗವ್ವ ಅರಿವೆಯನ್ನು ಕತ್ತರಿಯಿಂದ ಎರಡು ಮಾಡಿದಳು. ಒಂದನ್ನು ಪೆಟ್ಟಿಗೆಯಲ್ಲಿ ಭದ್ರವಾಗಿಟ್ಟಳು. ಇನ್ನೊಂದನ್ನು ಒಲೆಯ ಮುಂದೆ ನಿಂತಿದ್ದ ಸೊಸೆಯತ್ತ ಚಾಚಿದಳು. ಅಷ್ಟು ದಿನಗಳಲ್ಲಿ ಬೇಕಾದಷ್ಟೇ ಮಾತು, ಅದೂ ಗೋಡೆ ನೋಡಿಕೊಂಡು. ಇವತ್ತು ಮುಖ ನೋಡಿದಳು.

“ನೀ ಹಾಕು.”

“ನಾನs ಹಾಕ್ಲೇನ್ರಿ? ಇದು ಔಷಧಿ ಕುಡಿದ ಹಾಲಿನ್ಯಾಗ ಉಳಿಯೂದಿಲ್ರಿ ಅತ್ತಿ. ಹೊಸಾ ಗೌಳಿ ಚುಚ್ಚೂದಿಲ್ಲ ಅಂತ ಆಣಿ ಮಾಡ್ಯಾನ ಖರೆ, ಆದ್ರ...”

“ಉಳದರ ಹಾಲು ಚಲೋದು. ಸತ್ತರ ಹಾಲು ಕೆಟ್ಟದ್ದು. ನಿನ್ನ ಮೋರಿ ಪೆಟ್ಟಿಗಿಕಿಂತ ಮೊದಲ ಹೇಳ್ತೈತಿ ಇದು. ನೀನs ಹೇಳಿದ್ದಲ್ಲ, ಸೋಲೋ ಹೆಪ್ಪs ಒಳ್ಳೇದು ಅಂತ?” ಅರಿವೆಯನ್ನು ಅವಳ ಅಂಗೈಯಲ್ಲಿಟ್ಟು ಬೆರಳು ಮಡಚಿದಳು. “ಹಾಕು. ಸತ್ತರ ನನಗ ಹೇಳು. ಮುಚ್ಚಬ್ಯಾಡ.”

ಮಹಾನಂದಾ ಹಾಲು ಕಾಸಿ, ಉಗುರುಬೆಚ್ಚಗೆ ಆರಿಸಿ, ಅರಿವೆಯ ತುಂಡು ಅದ್ದಿ ಗಡಿಗೆಯ ಬಾಯಿ ಮುಚ್ಚಿದಳು.

ಬೆಳಿಗ್ಗೆ ಮುಚ್ಚಳ ತೆಗೆದಳು. ಗಡಿಗೆ ಅಲುಗಿಸಿದಳು. ಹಾಲು ಹಾಲಾಗಿಯೇ ಅಲುಗಾಡಿತು, ಮೇಲೊಂದು ಕಹಿ ವಾಸನೆ. ಅತ್ತೆ ಇನ್ನೂ ಪೂಜೆಗೆ ಕೂತಿದ್ದಳು. ಸ್ಟೇಷನ್ ಗೇಟು ನೂರು ಹೆಜ್ಜೆ ದೂರ. ಒಂದು ಗಳಿಗೆ, ಒಂದೇ ಗಳಿಗೆ, ಮಹಾನಂದಾಳ ಕಣ್ಣು ಬಾಗಿಲಿನ ಕಡೆ ಹೋಯಿತು. ಆಮೇಲೆ ಗಡಿಗೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ದೇವರ ಕೋಣೆಯ ಹೊಸ್ತಿಲಿಗೆ ಬಂದಳು.

“ಅತ್ತಿ, ಸತ್ತೈತ್ರಿ.”

ಶಿವಲಿಂಗವ್ವ ಪೂಜೆಯನ್ನು ಅರ್ಧಕ್ಕೆ ಬಿಟ್ಟು ಎದ್ದಳು. ಗಡಿಗೆಯೊಳಗೆ ಇಣುಕಿದಳು, ಮೂಸಿದಳು, ಸೊಸೆಯ ಮುಖ ನೋಡಿದಳು.

“ಹೌದು, ಸತ್ತೈತಿ” ಎಂದು ಹೊರಬಾಗಿಲ ಮೂಲೆಯಲ್ಲಿದ್ದ ಚಪ್ಪಲಿಗೆ ಕಾಲು ತೂರಿಸಿದಳು. “ನಡಿ. ಗಡಿಗಿ ಹಿಡಕೊಂಡು ಬಾ. ಆ ಹೊಸಾ ಗೌಳಿ ತನ್ನ ಎಮ್ಮಿಗೆ ಏನ್ ಚುಚ್ಚ್ಯಾನ ಕೇಳೂಣು.”